ಜೇಡ್ ಕಲ್ಲಿನಲ್ಲಿ ಬೆಳೆದ ಬಿದಿರು

ಚೀನಾದ ಹಳೆಯ ಕಾಲದ ವಿದ್ವಾಂಸರ ಮೇಜಿನ ಮೇಲೆ ಕುಂಚಗಳನ್ನು ನಿಲ್ಲಿಸಿಡಲು ಒಂದು ಕುಂಚದಾನಿ ಇರುತ್ತಿತ್ತು. ದಪ್ಪ ಬಿದಿರನ್ನು ಗೆಣ್ಣಿನ ಕೆಳಗೆ ಕತ್ತರಿಸಿದರೆ ತಳಸಮೇತ ಕುಂಚದಾನಿ ಸಿದ್ಧ. ಅದೇ ರೂಪವನ್ನು ಜೇಡ್ ಕಲ್ಲಿನಲ್ಲಿ ಮಾಡಿಸಿಕೊಂಡವರೂ ಇದ್ದರು. ಕಾಡಿನಲ್ಲಿ ಧಾರಾಳವಾಗಿ ಸಿಗುವ ಬಿದಿರಿನ ಆಕಾರ ಅಷ್ಟು ದುಬಾರಿ ಕಲ್ಲಿಗೆ ಏಕೆ?

ಬಿದಿರಿಗೆ ಅಲ್ಲಿರುವ ಗೌರವ ಅಂಥದ್ದು. ಅದು ಗಾಳಿಗೆ ಬಾಗುತ್ತದೆ, ಮುರಿಯುವುದಿಲ್ಲ, ಚಳಿಗಾಲದಲ್ಲೂ ಹಸಿರಾಗಿರುತ್ತದೆ. ಪೈನ್, ಪ್ಲಮ್ ಮರಗಳೊಂದಿಗೆ ಅದು ‘ಚಳಿಗಾಲದ ಮೂವರು ಗೆಳೆಯರ’ ಪೈಕಿ ಒಂದು. ಗೆಣ್ಣು ಶೀಲದ ಗುರುತಾದರೆ ಒಳಗಿನ ಟೊಳ್ಳು ವಿನಯದ ಗುರುತು. ಜೇಡ್‌ನ ಹಿರಿಮೆಯೂ ಕಡಿಮೆಯದಲ್ಲ. ಸಜ್ಜನನ ಗುಣಗಳನ್ನು ಈ ಕಲ್ಲಿನಲ್ಲಿ ಕಾಣುವ ಮಾತು ಕನ್ಫ್ಯೂಷಿಯಸ್ ಹೆಸರಿನಲ್ಲಿ ‘ಲೀ ಜಿ’ ಗ್ರಂಥದಲ್ಲಿದೆ.

ಆದರೆ ಈ ಕಲ್ಲು ಉಳಿಗೆ ಬಗ್ಗುವಂಥದ್ದಲ್ಲ. ನೆಫ್ರೈಟ್ ಜಾತಿಯ ಜೇಡ್‌ನ ಗಡಸುತನ ಮೋಸ್ ಮಾನದಲ್ಲಿ 6ರಿಂದ 6.5. ಅದರ ಹರಳುಗಳು ನಾರಿನಂತೆ ಹೆಣೆದುಕೊಂಡಿರುವುದರಿಂದ ಪೆಟ್ಟಿಗೂ ಸುಲಭವಾಗಿ ಒಡೆಯದು. ಅದನ್ನು ಸವೆಸಿಯೇ ರೂಪಕ್ಕೆ ತರಬೇಕು. ಕುಶಲಕರ್ಮಿ ಕಾಲಿನಿಂದ ತುಳಿದು ಕಬ್ಬಿಣದ ಬಿಲ್ಲೆಯನ್ನು ತಿರುಗಿಸುತ್ತ, ಅದಕ್ಕೆ ನೀರಿನಲ್ಲಿ ಕಲಸಿದ ಗಡಸು ಮರಳನ್ನು ಉಣಿಸುತ್ತಿದ್ದ. ಕುಂಚದಾನಿಯ ಒಳಗನ್ನು ಕೊರೆಯಲು ಕೊಳವೆಯಂಥ ಬೈರಿಗೆ. ಅದು ಸುತ್ತಲೂ ಕೊರೆದ ಮೇಲೆ ನಡುವೆ ಉಳಿದ ಕಲ್ಲಿನ ದಿಂಡನ್ನು ಮುರಿದು ತೆಗೆದು, ಒಳಗೋಡೆಗೆ ಮತ್ತೆ ಸಾಣೆ ಹಿಡಿಯಬೇಕು. ಬಿದಿರಿಗೆ ಹುಟ್ಟಿನಿಂದಲೇ ಬಂದ ಟೊಳ್ಳನ್ನು ಕಲ್ಲಿಗೆ ತರಲು ಇಷ್ಟು ದುಡಿಮೆ! ಈ ಕಲೆಯ ದೊಡ್ಡಸ್ತಿಕೆಯೂ ಇಲ್ಲೇ ಇದೆ: ವಿನಯವನ್ನು ಮೇಲ್ಮೈಯಲ್ಲಿ ಚಿತ್ರಿಸಿ ಕೈತೊಳೆದುಕೊಳ್ಳದೆ ಕಲ್ಲಿನ ಒಡಲನ್ನೇ ಬರಿದುಮಾಡುವುದರಲ್ಲಿ.

ಕಲ್ಲಿನಲ್ಲಿರುವ ಬಿರುಕೂ ಕೆಲವೊಮ್ಮೆ ಉಪಯೋಗಕ್ಕೆ ಬರುತ್ತದೆ. ಅಡ್ಡಲಾಗಿ ಹಾದ ಸಣ್ಣ ಬಿರುಕಿನ ಮೇಲೆಯೇ ಗೆಣ್ಣಿನ ಗೆರೆ ಮೂಡಿಸಿದರೆ ದೋಷ ಕಣ್ಣಿಗೆ ಬೀಳದು.

1759ರ ಹೊತ್ತಿಗೆ ಚಿಯನ್‌ಲಾಂಗ್ ಚಕ್ರವರ್ತಿ ಈಗಿನ ಶಿನ್‌ಜಿಯಾಂಗ್ ಪ್ರದೇಶವನ್ನು ಗೆದ್ದ ಮೇಲೆ ಅಲ್ಲಿನ ಖೋತಾನ್ ನದಿಗಳ ಜೇಡ್ ಹೇರಳವಾಗಿ ಬೀಜಿಂಗ್‌ಗೆ ಬಂತು. ಸೂಜೌ, ಯಾಂಗ್‌ಜೌ ನಗರಗಳ ಕಸುಬುದಾರರಿಗೆ ಕೈತುಂಬ ಕೆಲಸ. ಆ ಕಾಲದ ಕುಂಚದಾನಿಗಳ ಮೇಲೆ ‘ಬಿದಿರು ಮೆಳೆಯ ಏಳು ಜ್ಞಾನಿಗಳು’ ಕಾಣಸಿಗುತ್ತಾರೆ. ಮೂರನೆಯ ಶತಮಾನದಲ್ಲಿ ರಾಜಕಾರಣದ ಗೊಡವೆ ಬೇಡವೆಂದು ಕವಿತೆ, ಸಂಗೀತ, ಮದ್ಯದ ನಡುವೆ ಕಾಲ ಕಳೆದರೆಂದು ಹೆಸರಾದವರು ಇವರು. ಆಸ್ಥಾನದಿಂದ ದೂರ ಸರಿದವರ ಕಥೆಯನ್ನು ಆಸ್ಥಾನದವರೇ ಮೆಚ್ಚಿ ಕಡೆಸಿಕೊಂಡದ್ದು ಗಮನಿಸಬೇಕಾದ ಸಂಗತಿ.

ಬರ್ಮಾದಿಂದ ಜೇಡೈಟ್ ಎಂಬ ಇನ್ನೊಂದು ಜೇಡ್ ಹದಿನೆಂಟನೆಯ ಶತಮಾನದಲ್ಲಿ ಹೆಚ್ಚಾಗಿ ಬರತೊಡಗಿತು. ಅದರ ಕಡು ಹಸಿರು ಬಿದಿರಿಗೆ ಹೇಳಿ ಮಾಡಿಸಿದಂತಿತ್ತು. ಇಂದಿಗೂ ಗೆಣ್ಣುಗಳಿರುವ ಪುಟ್ಟ ಜೇಡೈಟ್ ಪದಕಗಳಿಗೆ ಬೇಡಿಕೆಯಿದೆ. ಗೆಣ್ಣಿನ ಮೇಲೆ ಗೆಣ್ಣು ಏರಿದಂತೆ ಓದಿನಲ್ಲಿ, ಉದ್ಯೋಗದಲ್ಲಿ ಮೇಲೇರಲೆಂದು ಹಿರಿಯರು ಮಕ್ಕಳಿಗೆ ಕೊಡುತ್ತಾರೆ.