ಏಳೇ ವರ್ಷದಲ್ಲಿ ಕುಸಿದ ಇಗರ್ಜಿ

ಫೋಂಡಾದಿಂದ ಪಣಜಿಗೆ ವಸೂಲಿಗೆ ಹೋಗುವಾಗ ಹಳೇ ಗೋವಾದ ಗುಡ್ಡದ ಮೇಲೆ ಒಂಟಿ ಗೋಪುರವೊಂದು ಕಾಣುತ್ತದೆ. ಗೋವಾದಲ್ಲಿ ದುಡಿಯುವ ನಮ್ಮ ಕನ್ನಡದವರೆಲ್ಲ ಅದನ್ನು ಬಸ್ಸಿನ ಕಿಟಕಿಯಿಂದ ಕಂಡವರೇ. ಹತ್ತಿ ನೋಡಿದವರು ಕಡಿಮೆ. ಅಂಗಡಿ ಬಿಟ್ಟು ಬರಲು ಪುರುಸೊತ್ತು ಎಲ್ಲಿದೆ ಹೇಳಿ! ಕಳೆದ ಶ್ರಾವಣದಲ್ಲಿ ಪರಿಚಯದ ಗೌಂಡಿಯೊಬ್ಬರು ಜೊತೆಗಿದ್ದರು; ಬಾಗಲಕೋಟೆ ಕಡೆಯವರು. ಇಬ್ಬರೂ ಇಳಿದು ಹತ್ತಿದೆವು.

ಇದು ಸಂತ ಅಗಸ್ಟಿನರ ಪಂಥದ ಪಾದ್ರಿಗಳ ಮಠ ಮತ್ತು ಇಗರ್ಜಿ. ಅವರು ಗೋವಾಕ್ಕೆ ಬಂದದ್ದು 1572ರಲ್ಲಿ, ಇಗರ್ಜಿ ಮುಗಿದದ್ದು 1602ರಲ್ಲಿ. ಎಂಟು ಚಿಕ್ಕ ಪ್ರಾರ್ಥನಾ ಮಂದಿರಗಳು, ನಾಲ್ಕು ಬಲಿಪೀಠಗಳು, ಪಕ್ಕದಲ್ಲೇ ಮಠ. ಉಳಿದ ಗೋಪುರದ ಎತ್ತರ 46 ಮೀಟರು. ಎಲ್ಲವೂ ನಮ್ಮ ಖಾನಾಪುರ, ಕಾರವಾರ ಕಡೆ ಮನೆ ಕಟ್ಟುವ ಅದೇ ಚಿರೇಕಲ್ಲು. ನೆಲದಲ್ಲಿ ಅಕ್ಷರ ಕೆತ್ತಿದ ಸಮಾಧಿ ಕಲ್ಲುಗಳಿವೆ. ಗೋಡೆಯಲ್ಲಿ ನೀಲಿ ಬಿಲ್ಲೆಗಳ ಚೂರು ಇನ್ನೂ ಅಂಟಿಕೊಂಡಿವೆ.

ಇದನ್ನು ಯಾವ ದಂಡೂ ಬಂದು ಕೆಡವಲಿಲ್ಲ. ಪೋರ್ತುಗೀಜ ಸರಕಾರವೇ ಧಾರ್ಮಿಕ ಪಂಥಗಳನ್ನು ರದ್ದು ಮಾಡಿ 1835ರಲ್ಲಿ ಪಾದ್ರಿಗಳನ್ನು ಹೊರಡಿಸಿತು. 1842ರಲ್ಲಿ ಕಮಾನಿನ ಮಾಳಿಗೆ ಕುಸಿಯಿತು. ಎರಡು ಶತಮಾನ ತಡೆದದ್ದು, ಜನ ಇಲ್ಲದೆ ಏಳು ಮಳೆಗಾಲ ತಡೆಯಲಿಲ್ಲ! ರಾಜಧಾನಿಯೂ 1843ರಲ್ಲಿ ಪಣಜಿಗೆ ಹೋಯಿತು, ಕೇಳುವವರಾರು? 1931ರಲ್ಲಿ ಮುಂಗಟ್ಟಿನ ಜೊತೆ ಗೋಪುರದ ಅರ್ಧವೂ ಬಿತ್ತು.

ಗೌಂಡಿ ಕಲ್ಲಿನ ಮೇಲೆ ಕೈಯಾಡಿಸಿ ಹೇಳಿದರು: "ನೋಡ್ರಿ ಸಾವಕಾರ್ರ, ಈ ಕಲ್ಲು ಕಡಿಯೂವಾಗ ಮೆತ್ತಗ, ಗಾಳಿಗೆ ಬಿದ್ರ ಗಟ್ಟಿ. ಆದ್ರ ತುಂಬ ತೂತು, ನೀರು ಕುಡೀತದ. ಸುಣ್ಣದ ಗಾರೆ ಇರೂತನಕ ಚಿಂತಿಲ್ಲ. ಗಾರೆ ಉದುರಿತು, ಸಂದಿನ್ಯಾಗ ಗಿಡ ಹುಟ್ಟಿತು ಅಂದ್ರ ಮುಗೀತು." ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆ ಸುರಿಯುವ ಊರಿದು. ಕೆಳಗಿನ ಬಾಂ ಜೇಸುಸ್ ಇಗರ್ಜಿಯ ಗಾರೆಯನ್ನೂ 1950ರ ದಶಕದಲ್ಲಿ ತೆಗೆಸಿದರು. ಕೆಂಪು ಕಲ್ಲು ಕಾಣಲಿ ಎಂಬ ಚಂದಕ್ಕೋ ಏನೋ, ನನಗಂತೂ ಸರಿ ಅನ್ನಿಸಲಿಲ್ಲ.

ಬಿದ್ದ ಮಣ್ಣಿನಡಿಯಲ್ಲಿ ಒಂದು ದೊಡ್ಡ ಕಥೆಯೂ ಇತ್ತು. ಜಾರ್ಜಿಯಾ ದೇಶದ ರಾಣಿ ಕೆಟೆವಾನ್ ತನ್ನ ಮತ ಬಿಡದ್ದಕ್ಕೆ 1624ರಲ್ಲಿ ಪರ್ಷಿಯಾದ ಶಿರಾಜಿನಲ್ಲಿ ಕೊಲೆಯಾದಳು. ಈ ಪಂಥದ ಪಾದ್ರಿಗಳು ಆಕೆಯ ಎಲುಬುಗಳಲ್ಲಿ ಕೆಲವನ್ನು ಇಲ್ಲಿಗೆ ತಂದು ಇಟ್ಟಿದ್ದರು. ಪುರಾತತ್ವ ಇಲಾಖೆ ಅಗೆದಾಗ ಸಿಕ್ಕ ಎಲುಬನ್ನು ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯ ಡಿಎನ್‌ಎ ಪರೀಕ್ಷೆ ಮಾಡಿ ರಾಣಿಯದೇ ಇರಬೇಕೆಂದಿತು. 2021ರಲ್ಲಿ ಭಾರತ ಅದನ್ನು ಜಾರ್ಜಿಯಾಕ್ಕೆ ಒಪ್ಪಿಸಿತು.

ಗಂಟೆಯೊಂದು ಮಾತ್ರ ಮೊದಲೇ ಪಾರಾಗಿತ್ತು. ಅಗ್ವಾದ ಕೋಟೆಯ ದೀಪಸ್ತಂಭದಲ್ಲಿದ್ದು, 1871ರಲ್ಲಿ ಪಣಜಿಯ ಮೆಟ್ಟಿಲು ಇಗರ್ಜಿಗೆ ಏರಿತು. ಪೇಟೆಗೆ ಹೋದಾಗ ತಲೆ ಎತ್ತಿ ನೋಡಿ, ಕಾಣುತ್ತದೆ.

ಇಳಿಯುವಾಗ ನನಗೆ ಖಾನಾಪುರದ ಕಡೆಯ ನಮ್ಮ ಚಿರೇಕಲ್ಲಿನ ಮನೆ ನೆನಪಾಯಿತು. ಅಪ್ಪ ತೀರಿಕೊಂಡ ಮೇಲೆ ನಾಲ್ಕು ವರ್ಷದಿಂದ ಬೀಗ, ಪಡುವಣ ಗೋಡೆಯ ಗಾರೆ ಉದುರಿದೆ. ಗೌಂಡಿಯನ್ನು ಕೇಳಿದೆ.

"ದೀಪಾವಳಿ ಆದ ಮ್ಯಾಲೆ ಬರ್ತೀನ್ರಿ. ಸುಣ್ಣ ಮೊದಲ ತರಿಸಿಡ್ರಿ, ನೆನೀಬೇಕದು" ಎಂದರು.