ಹಾಕಿ ಹರಾಜಿನಲ್ಲಿ ಮಗನ ಹೆಸರು ಬಂತು, ಆಮೇಲೇನು?

ಕೊಯಮತ್ತೂರು: ಹರಾಜು ಅನ್ನಿ, ಏಲಂ ಅನ್ನಿ, ಈಗ ಕ್ರಿಕೆಟ್‌ನಂತೆ ಹಾಕಿ ಆಟಗಾರರನ್ನೂ ಕೂಗಿ ಕೊಳ್ಳುತ್ತಾರೆ. ಟಿವಿಯಲ್ಲಿ ಲಕ್ಷಗಳ ಲೆಕ್ಕ ಕೇಳಿದ ಹುಡುಗ ಕಾಲೇಜು ಬಿಟ್ಟು ಮೈದಾನಕ್ಕೇ ಹೋಗುತ್ತೇನೆ ಎಂದರೆ ಅಪ್ಪ ಅಮ್ಮ ಏನು ಹೇಳಬೇಕು? ಉತ್ತರ ಕೊಡುವ ಮುಂಚೆ ಹರಾಜಿನ ಒಳಗುಟ್ಟು ತಿಳಿದಿರುವುದು ಒಳ್ಳೆಯದು.

ಏಳು ವರ್ಷ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್ 28ರಂದು ಮತ್ತೆ ಶುರುವಾಯಿತು. ಅದಕ್ಕಾಗಿ ಅದೇ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಹರಾಜು ನಡೆಯಿತು. ಪುರುಷರ ತಂಡಗಳು ಎಂಟು, ಅದರಲ್ಲಿ ತಮಿಳುನಾಡು ಡ್ರ್ಯಾಗನ್ಸ್ ಕೂಡ ಒಂದು. ಆ ಹರಾಜಿನಲ್ಲಿ ಪ್ರತಿ ತಂಡಕ್ಕೆ ಖರ್ಚಿನ ಮಿತಿ 4 ಕೋಟಿ ರೂಪಾಯಿ ಇತ್ತು, ಆಟಗಾರರು 24 ಮಂದಿ. ಇವರಲ್ಲಿ ಕನಿಷ್ಠ 16 ಮಂದಿ ಭಾರತೀಯರಿರಬೇಕಿತ್ತು, ಅವರ ಪೈಕಿ ನಾಲ್ವರು ಜೂನಿಯರ್‌ಗಳು. ಹುಡುಗರಿಗೆ ಬಾಗಿಲು ತೆರೆದದ್ದು ಈ ನಿಯಮದಿಂದಲೇ.

ಆದರೆ ಬಾಗಿಲು ಕಿರಿದು. ಹೆಸರು ಕೊಟ್ಟ ಭಾರತೀಯ ಪುರುಷ ಆಟಗಾರರು 600ಕ್ಕೂ ಹೆಚ್ಚು. ಎಂಟು ತಂಡಕ್ಕೆ 16ರಂತೆ ಲೆಕ್ಕ ಹಾಕಿದರೆ ಬೇಕಾದವರು 128 ಮಂದಿ. ನಾಯಕ ಹರ್ಮನ್‌ಪ್ರೀತ್ ಸಿಂಗ್‌ಗೆ ಸೂರ್ಮಾ ತಂಡ 78 ಲಕ್ಷ ರೂಪಾಯಿ ಕೊಟ್ಟಿದ್ದು ದೊಡ್ಡ ಸುದ್ದಿಯಾಯಿತು. ಕೆಳಗಿನ ಮೂಲ ಬೆಲೆ 2 ಲಕ್ಷ ಎಂಬುದು ಅಷ್ಟು ಸುದ್ದಿಯಾಗಲಿಲ್ಲ.

ಹೆಸರು ಕೂಗಿದ ಮೇಲೆ ಕರಾರಿಗೆ ಸಹಿ. ಹದಿನೆಂಟು ತುಂಬದ ಹುಡುಗ ತಾನೇ ಹಾಕಿದ ಸಹಿಗೆ ಕಾನೂನಿನ ಬಲವಿಲ್ಲ, ಹೆತ್ತವರು ಮುಂದೆ ನಿಲ್ಲಬೇಕು. ಹಣ ಯಾವಾಗ ಯಾವ ಕಂತಿನಲ್ಲಿ ಬರುತ್ತದೆ, ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು ಎಂಬುದನ್ನು ಅಲ್ಲೇ ಓದಿಕೊಳ್ಳಬೇಕು. ಬರುವ ಹಣದಲ್ಲಿ ತೆರಿಗೆ ಕಡಿತವೂ ಇರುತ್ತದೆ.

ಆಮೇಲೆ ಶಿಬಿರ, ನಂತರ ಪಂದ್ಯ. 2024-25ರ ಪುರುಷರ ಲೀಗ್ ಫೆಬ್ರವರಿ 1ಕ್ಕೆ ಮುಗಿಯಿತು. ಅಂದರೆ ಆಟ ಬರೀ ಐದು ವಾರ. ಮೈದಾನದಲ್ಲಿ ಒಮ್ಮೆಗೆ ಆಡುವವರು 11 ಮಂದಿ. ಹೊಸ ಹುಡುಗ ಬಹಳಷ್ಟು ಹೊತ್ತು ಬೆಂಚಿನ ಮೇಲೆ ಕೂರಬೇಕಾಗಬಹುದು. ಹಾಗಂತ ಅದು ವ್ಯರ್ಥವೇನಲ್ಲ. ವಿದೇಶಿ ಕೋಚ್, ಒಲಿಂಪಿಕ್ಸ್ ಆಡಿದವರ ಜೊತೆ ದಿನವೂ ಅಭ್ಯಾಸ ಹಳ್ಳಿಯ ಹುಡುಗನಿಗೆ ಬೇರೆಲ್ಲೂ ಸಿಗದು. ಐದು ವಾರ ಕಳೆದರೆ ಉಳಿದ ಹತ್ತೂ ಚಿಲ್ಲರೆ ತಿಂಗಳು ಏನು ಮಾಡುವುದು ಎಂಬುದೇ ನಿಜವಾದ ಪ್ರಶ್ನೆ.

ಲೀಗ್‌ಗಳನ್ನೇ ನಂಬಿ ಕೂರಲಾಗದು ಎಂಬುದಕ್ಕೆ ಹಿಂದಿನ ಕತೆಯೇ ಸಾಕ್ಷಿ. ಕರ್ನಾಟಕ ಲಯನ್ಸ್, ಚೆನ್ನೈ ಚೀತಾಸ್ ಆಡಿದ ವರ್ಲ್ಡ್ ಸೀರೀಸ್ ಹಾಕಿ 2012ರಲ್ಲಿ ಒಂದೇ ವರ್ಷ ನಡೆದು ನಿಂತಿತು. 2013ರಲ್ಲಿ ಶುರುವಾದ ಹಾಕಿ ಇಂಡಿಯಾ ಲೀಗ್ 2017ರ ನಂತರ ನಿಂತಿತು. ಆಗ ಹದಿನೆಂಟರ ಹುಡುಗನಾಗಿದ್ದವನಿಗೆ ಲೀಗ್ ಮರಳುವಾಗ 25 ವರ್ಷ!

ಮೊದಲ ಹರಾಜಿನಲ್ಲಿ ಕೊಡಗಿನ ವಿ.ಆರ್. ರಘುನಾಥ್‌ಗೆ ಉತ್ತರ ಪ್ರದೇಶ ವಿಜರ್ಡ್ಸ್ 76,000 ಡಾಲರ್ ಕೊಟ್ಟಿತ್ತು. ಅಂಥ ರಘುನಾಥ್ ಕೂಡ ಇಂಡಿಯನ್ ಆಯಿಲ್ ಪರ ಆಡಿದವರು. ಹಾಕಿ ಆಟಗಾರರ ಮನೆಯಲ್ಲಿ ವರ್ಷವಿಡೀ ಒಲೆ ಉರಿಸುವುದು ರೈಲ್ವೆ, ಬ್ಯಾಂಕು, ತೈಲ ಕಂಪನಿ, ಸೇನೆ, ಪೊಲೀಸ್ ಇಲಾಖೆಯ ಕೆಲಸವೇ.

ಇಲ್ಲೇ ಅನೇಕರು ಎಡವುವುದು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನಿಯಮ ಕೇಳುವುದು ದೇಶ ಅಥವಾ ರಾಜ್ಯದ ಪರ ಆಡಿದ, ಅಂತರ ವಿಶ್ವವಿದ್ಯಾಲಯ ಟೂರ್ನಿ ಆಡಿದ, ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ಆಡಿದ ಪ್ರಮಾಣಪತ್ರವನ್ನು. ಲೀಗ್ ತಂಡದ ಜೆರ್ಸಿ ಆ ಪಟ್ಟಿಯಲ್ಲಿಲ್ಲ. ಕಾಲೇಜು ಬಿಟ್ಟವನಿಗೆ ವಿಶ್ವವಿದ್ಯಾಲಯದ ತಂಡವೂ ತಪ್ಪುತ್ತದೆ, ಪದವಿ ಕೇಳುವ ಹುದ್ದೆಯೂ ತಪ್ಪುತ್ತದೆ. ಸರ್ಟಿಫಿಕೇಟ್‌ಗಳನ್ನು ಶಾಲೆಯ ದಿನದಿಂದಲೇ ಜೋಪಾನ ಮಾಡಬೇಕು.

ದಾರಿ ಇಲ್ಲವೆಂದೇನಲ್ಲ. ಕೊಯಮತ್ತೂರಿನ ಆಡಂ ಸಿಂಕ್ಲೇರ್ 2004ರ ಅಥೆನ್ಸ್ ಒಲಿಂಪಿಕ್ಸ್ ಆಡಿದರು. ಅರಿಯಲೂರಿನ ಕಾರ್ತಿ ಸೆಲ್ವಂ, ಕೋವಿಲ್‌ಪಟ್ಟಿಯ ಮಾರೀಶ್ವರನ್ 2022ರ ಏಷ್ಯಾ ಕಪ್‌ನಲ್ಲಿ ಭಾರತದ ಪರ ಆಡಿದರು. ಇಬ್ಬರೂ ಪಳಗಿದ್ದು ಕೋವಿಲ್‌ಪಟ್ಟಿಯ ಸರ್ಕಾರಿ ಕ್ರೀಡಾ ಹಾಸ್ಟೆಲ್‌ನಲ್ಲಿ. ಆಗ ಹಾಕಿ ಇಂಡಿಯಾ ಲೀಗ್ ನಡೆಯುತ್ತಲೇ ಇರಲಿಲ್ಲ ಎಂಬುದು ಗಮನಿಸಬೇಕಾದ ಮಾತು.

ಹರಾಜಿನ ಹಣವನ್ನು ಒಳ್ಳೆ ಮಳೆಗೆ ಬಂದ ಬೆಳೆ ಅಂದುಕೊಂಡರೆ ಸರಿ. ಒಂದು ವರ್ಷ ಮನೆ ತುಂಬುತ್ತದೆ, ಮುಂದಿನ ವರ್ಷದ ಮಾತು ಬೇರೆ. ಹುಡುಗ ಸ್ಟಿಕ್ ಹಿಡಿಯಲಿ, ಜೊತೆಗೆ ಪುಸ್ತಕವನ್ನೂ ಹಿಡಿಯಲಿ.