ನೀರಿಲ್ಲದೆ ಬೆಂಕಿ ನಂದಿಸುವವರ ಪಾಠಶಾಲೆ

ಬೆನ್ನ ಮೇಲೆ 20 ಕಿಲೋ ಭಾರ. ಸಾಗಬೇಕಾದ ದೂರ 4.8 ಕಿಲೋಮೀಟರ್, ಕೊಟ್ಟಿರುವ ಸಮಯ 45 ನಿಮಿಷ. ಓಡುವಂತಿಲ್ಲ, ನಡೆದೇ ಮುಗಿಸಬೇಕು. ಅಮೆರಿಕದಲ್ಲಿ ಕಾಳ್ಗಿಚ್ಚು ನಂದಿಸುವ ಪಡೆ ಸೇರಬಯಸುವವರಿಗೆ ಎದುರಾಗುವ ‘ಪ್ಯಾಕ್ ಟೆಸ್ಟ್’ ಇದು. ದಿನವಿಡೀ ಬೆಂಕಿಯ ಅಂಚಿನಲ್ಲಿ ದುಡಿದ ಮೇಲೂ ಜೀವ ಉಳಿಸಿಕೊಂಡು ಹೊರಬರುವಷ್ಟು ಕಸುವು ಮೈಯಲ್ಲಿ ಉಳಿದಿರಬೇಕಲ್ಲ!

ಸುಮಾರು ಒಂದು ವಾರದ ಮೂಲ ತರಬೇತಿಯಲ್ಲಿ ಕಲಿಯುವುದು ಬೆಂಕಿಯ ನಡೆಯನ್ನು. ಒಣಹುಲ್ಲು, ಗಾಳಿ, ನೆಲದ ಏರಿಳಿತ ಈ ಮೂರನ್ನೂ ಗಮನಿಸಬೇಕು. ಬೆಟ್ಟದ ಏರಿನಲ್ಲಿ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದರಿಂದ ಬೆಂಕಿ ಮೇಲ್ಮುಖವಾಗಿ ಧಾವಿಸುತ್ತದೆ.

ಕಾಡಿನೊಳಗೆ ನೀರು ಸಿಗುವುದು ಅಪರೂಪ. ಹಾಗಾಗಿ ಮುಖ್ಯ ಕೆಲಸ ಬೆಂಕಿ ರೇಖೆ ಎಳೆಯುವುದು. ಒಂದು ಬದಿಗೆ ಕೊಡಲಿ, ಇನ್ನೊಂದು ಬದಿಗೆ ಗುದ್ದಲಿಯಂಥ ಅಲಗಿರುವ ‘ಪುಲಾಸ್ಕಿ’ ಹಿಡಿದು ತರಗೆಲೆ, ಬೇರು ಎಲ್ಲವನ್ನೂ ಕೆರೆದು ಬರಿಮಣ್ಣು ಕಾಣಿಸಬೇಕು. 1910ರ ಮಹಾ ಕಾಳ್ಗಿಚ್ಚಿನಲ್ಲಿ ಇಡಾಹೊದ ರೇಂಜರ್ ಎಡ್ ಪುಲಾಸ್ಕಿ ತಮ್ಮ ತಂಡವನ್ನು ಗಣಿಯ ಸುರಂಗಕ್ಕೆ ನುಗ್ಗಿಸಿ ಬಹುತೇಕರನ್ನು ಉಳಿಸಿದ್ದರು. ಸಲಕರಣೆಗೆ ಅವರದೇ ಹೆಸರು. ಬೆಂಕಿ ಅಡಗಿದ ಮೇಲೂ ಕೆಲಸ ಮುಗಿಯದು. ಕೈಗವಸು ತೆಗೆದು, ಅಂಗೈಯ ಹಿಂಬದಿಯನ್ನು ಬೂದಿಯ ಸಮೀಪ ಹಿಡಿದು, ಒಳಗೆ ಕೆಂಡ ಉಳಿದಿದೆಯೇ ಎಂದು ಇಂಚಿಂಚಾಗಿ ನೋಡುತ್ತಾರೆ.

ಈ ಪಾಠಗಳ ಹಿಂದೆ ಸಾವುಗಳಿವೆ. 1949ರ ಆಗಸ್ಟ್ 5ರಂದು ಮೊಂಟಾನಾದ ಮ್ಯಾನ್ ಗಲ್ಚ್ ಕಣಿವೆಯಲ್ಲಿ 13 ಮಂದಿ ಬೆಂಕಿಗೆ ಬಲಿಯಾದರು. ಅವರ ತಂಡದ ಮುಂದಾಳು ವ್ಯಾಗ್ನರ್ ಡಾಡ್ಜ್ ಎದುರಿನ ಹುಲ್ಲಿಗೆ ತಾವೇ ಬೆಂಕಿಯಿಟ್ಟು, ಸುಟ್ಟ ನೆಲದ ಮೇಲೆ ಬೋರಲು ಮಲಗಿ ಬದುಕುಳಿದರು. ಇಂಥ ದುರಂತಗಳನ್ನು ಅಭ್ಯಸಿಸಿ 1957ರಲ್ಲಿ 10 ಕಟ್ಟಳೆಗಳನ್ನು ರೂಪಿಸಲಾಯಿತು. ಇಂದು ಕಾವಲುಗಾರ, ಸಂಪರ್ಕ, ತಪ್ಪಿಸಿಕೊಳ್ಳುವ ದಾರಿ, ಸುರಕ್ಷಿತ ಜಾಗ ಈ ನಾಲ್ಕೂ ಖಾತರಿಯಾಗದೆ ಕೆಲಸಕ್ಕಿಳಿಯಬಾರದೆಂದು ಕಲಿಸುತ್ತಾರೆ.

ಎಲ್ಲ ದಾರಿ ಮುಚ್ಚಿದರೆ? ಅದಕ್ಕೂ ತಾಲೀಮಿದೆ. ಸೊಂಟದ ಚೀಲದಿಂದ ಬೆಂಕಿ ತಡೆಯುವ ಗೂಡಾರವನ್ನು ಎಳೆದು, ಕೊಡವಿ ಬಿಚ್ಚಿ, ಅರ್ಧ ನಿಮಿಷದೊಳಗೆ ಅದರಡಿ ಸೇರಬೇಕು. ಕಾಲು ಬೆಂಕಿಯತ್ತ, ಮುಖ ನೆಲಕ್ಕೆ. ಉಸಿರಾಡುವ ತಂಪು ಗಾಳಿ ಮಣ್ಣಿನ ಹತ್ತಿರವೇ ಇರುತ್ತದೆ. ಅಲ್ಯೂಮಿನಿಯಂ ಹೊದಿಕೆ ದೂರದ ಕಾವನ್ನು ಹಿಂದಕ್ಕೆ ಹೊಡೆಯಬಲ್ಲದು, ಆದರೆ ನೇರ ಜ್ವಾಲೆಯ ಮುಂದೆ ಹೆಚ್ಚು ಹೊತ್ತು ತಾಳದು. 2013ರ ಜೂನ್ 30ರಂದು ಅರಿಜೋನಾದ ಯಾರ್ನೆಲ್ ಹಿಲ್‌ನಲ್ಲಿ ನುರಿತ 19 ಮಂದಿ ಗೂಡಾರ ಹೊದ್ದೂ ಉಳಿಯಲಿಲ್ಲ.

ಇತ್ತ ನಮ್ಮ ಬಂಡೀಪುರದ ಕಾಡಿನಲ್ಲೂ 2017ರ ಫೆಬ್ರುವರಿಯಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಮರಳಲಿಲ್ಲ. ಅಲ್ಲಿಯೂ ಬೇಸಿಗೆಗೆ ಮುನ್ನ ಬೆಂಕಿ ರೇಖೆ ಎಳೆಯುತ್ತಾರೆ, ಹಂಗಾಮಿ ಕಾವಲುಗಾರರನ್ನು ನೇಮಿಸುತ್ತಾರೆ. ಹಸಿ ಸೊಪ್ಪಿನ ಕೊಂಬೆ ಹಿಡಿದು ಜ್ವಾಲೆ ಬಡಿಯುವ ಆ ಕೈಗಳಿಗೂ ತಪ್ಪಿಸಿಕೊಳ್ಳುವ ದಾರಿಯ ತಾಲೀಮು, ಒಳ್ಳೆಯ ಬೂಟು, ವೈರ್‌ಲೆಸ್ ಸೆಟ್ಟು ಫೆಬ್ರುವರಿಗೆ ಮೊದಲೇ ಸಿಗಬೇಕು.